ಬಿಸಿಲು ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ನಿವೃತ್ತರಾಗಿ ಒಂದೆರಡು ವರ್ಷ ಆಗಿರುತ್ತದೆ. ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇರುತ್ತಾರೆ (ಹಬ್ಬಕ್ಕೆ ಬರುವ ಮಟ್ಟಿಗೆ ಎರಡೂ ಒಂದೇ ದೂರ). ಸಕ್ಕರೆ ಕಾಯಿಲೆ ಹತೋಟಿಯಲ್ಲಿರುತ್ತದೆ. ಕಂಕುಳಲ್ಲಿ ಮಡಚುವ ಸೋಲಾರ್ ಪ್ಯಾನೆಲ್ ಒಂದಿರುತ್ತದೆ. ಬಿಚ್ಚಿದರೆ ಮೂರು ಮಡಿಕೆ, ಒಳಗೆ ಕಪ್ಪು ಸೆಲ್‌ಗಳು, ಹಿಂದೆ ಜಿಪ್ ಹಾಕಿದ ಜೇಬು, ಜೇಬಿನೊಳಗೆ ಎರಡು ಯುಎಸ್‌ಬಿ ಕಿಂಡಿ. ಡಬ್ಬದ ಮೇಲೆ 28 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಅಂಕಿಯ ಸಮಾಚಾರ ಆಮೇಲೆ ಹೇಳುತ್ತೇನೆ.

ಅವರ ಹೆಸರು ಏನೇ ಇರಲಿ, ಬೀದಿಯವರ ಬಾಯಲ್ಲಿ ಅವರು ಬಿಸಿಲು ರಾಯರು.

ರಾಯರ ಮನೆಯಲ್ಲಿ ಕರೆಂಟಿಗೆ ಬರ ಬಂದಿದೆ ಎಂದುಕೊಳ್ಳಬೇಡಿ. ಟೀವಿ ಹಿಂದೆ, ಸೋಫಾ ಪಕ್ಕ, ದೇವರ ಮನೆ ಬಾಗಿಲಲ್ಲಿ, ಎಲ್ಲ ಕಡೆ ಪ್ಲಗ್ ಪಾಯಿಂಟುಗಳು ಬಾಯಿ ತೆರೆದುಕೊಂಡು ಕಾಯುತ್ತಿವೆ. ಎದುರು ಮನೆಯಲ್ಲಿ ಸಿಎ ಓದುತ್ತಿರುವ ಹುಡುಗನೊಬ್ಬ ತಡೆಯಲಾರದೆ ಒಂದು ಭಾನುವಾರ ಲೆಕ್ಕ ಒಪ್ಪಿಸಿದ.

“ಅಂಕಲ್, ನಿಮ್ಮ ಫೋನಿನ ಬ್ಯಾಟರಿ 5,000 ಎಂಎಎಚ್. ಅಂದರೆ ಸುಮಾರು 19 ವ್ಯಾಟ್ ಅವರ್. ನಡುವೆ ಸೋರಿ ಹೋಗೋದನ್ನೂ ಸೇರಿಸಿ 25 ಅಂತಿಟ್ಕೊಳ್ಳಿ. ಒಂದು ಯೂನಿಟ್ಟಿಗೆ ನಲವತ್ತು ಸಲ ಫುಲ್ ಚಾರ್ಜ್. ಯೂನಿಟ್ಟಿಗೆ ಆರು ರೂಪಾಯಿ ಅಂದರೂ ಒಂದು ಸಲಕ್ಕೆ ಹದಿನೈದು ಪೈಸೆ. ನೀವು ಈ ಪ್ಯಾನೆಲ್‌ಗೆ ಐದು ಸಾವಿರ ಕೊಟ್ಟಿದ್ದೀರಿ. ದಿನಕ್ಕೊಂದು ಸಲ ಚಾರ್ಜ್ ಮಾಡಿದರೆ ಅಸಲು ಹುಟ್ಟೋದಕ್ಕೆ ತೊಂಬತ್ತೊಂದು ವರ್ಷ ಬೇಕು.”

ರಾಯರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. “ನಮ್ಮ ತಂದೆ ತೊಂಬತ್ತಾರು ವರ್ಷ ಇದ್ದರು” ಎಂದರು.

ಹುಡುಗ ಬಿಡಲಿಲ್ಲ. “ಅದೂ ಅಲ್ಲದೆ ನಿಮಗೆ ಗೃಹಜ್ಯೋತಿ ಇದೆಯಲ್ಲ ಅಂಕಲ್. 2023ರಿಂದ ಬಿಲ್ಲೇ ಸೊನ್ನೆ. ಸೊನ್ನೆಯಲ್ಲಿ ಹದಿನೈದು ಪೈಸೆ ಹೇಗೆ ಉಳಿಸ್ತೀರಿ?”

“ಅದು ಸರ್ಕಾರ ಕೊಟ್ಟಿದ್ದು. ಇದು ನಾನು ಹಿಡಿದದ್ದು.”

ರಾಯರನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಮಾತು ಸಾಕು. ಅವರು ಉಳಿತಾಯಕ್ಕೆ ಹೊರಟವರಲ್ಲ, ಬೇಟೆಗೆ ಹೊರಟವರು. ಗಾಳ ಹಾಕಿ ಕೂತವನಿಗೆ ಮೀನು ಮಾರ್ಕೆಟ್ಟಿನ ರೇಟು ಹೇಳಿ ಏನು ಪ್ರಯೋಜನ?

ಬೇಟೆಯ ಮೈದಾನ ತಾರಸಿ. ಅಲ್ಲಿ ಮೊದಲಿನಿಂದಲೂ ಇನ್ನೊಬ್ಬರ ಆಳ್ವಿಕೆಯಿದೆ. ಮಾರ್ಚಿ ಏಪ್ರಿಲ್ಲಿನಲ್ಲಿ ರಾಯರ ಪ್ಯಾನೆಲ್‌ಗೆ ಎಷ್ಟು ಒಳ್ಳೆಯ ಬಿಸಿಲೋ ಅವರ ಮನೆಯವರ ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿಗೂ ಅಷ್ಟೇ ಒಳ್ಳೆಯ ಬಿಸಿಲು. ಜೊತೆಗೆ ಒಗೆದ ಬೆಡ್‌ಶೀಟುಗಳು. ಸೋಲಾರ್ ಸೆಲ್‌ಗಳ ಸ್ವಭಾವ ಬೇರೆ ವಿಚಿತ್ರ. ಒಂದರ ಬಾಲಕ್ಕೆ ಒಂದು ಕಟ್ಟಿ ಸಾಲು ಮಾಡಿರುವುದರಿಂದ, ಒಂದು ಸೆಲ್ಲಿನ ಮೇಲೆ ನೆರಳು ಬಿದ್ದರೆ ಇಡೀ ಸಾಲು ಸೊರಗಿ ಕೂರುತ್ತದೆ. ಹೀಗಾಗಿ ತಂತಿಯ ಮೇಲೆ ಹಾರಾಡುವ ಸೀರೆಯ ಸೆರಗೊಂದು ಸಾಕು, ರಾಯರ ವಿದ್ಯುತ್ ಸ್ಥಾವರವನ್ನು ಬೀಳಿಸಲು.

“ರೀ, ಅದನ್ನ ಆ ಕಡೆ ಸರಿಸ್ಕೊಳ್ಳಿ. ಸಂಡಿಗೆ ಮೇಲೆ ನೆರಳು ಬೀಳ್ತಿದೆ.”

“ನಿನ್ನ ಸೀರೆ ನನ್ನ ಸೆಲ್ ಮೇಲೆ ನೆರಳು ಹಾಕ್ತಿದೆ ಕಣೇ.”

“ಸೀರೆ ಒಣಗದೆ ಇದ್ದರೆ ನಾಳೆ ನಾನೇನು ಪ್ಯಾನೆಲ್ ಸುತ್ಕೊಂಡು ಮದುವೆಗೆ ಬರಲಾ?”

ಕೊನೆಗೆ ರಾಜಿಯಾಯಿತು. ಆಗ್ನೇಯ ಮೂಲೆ ರಾಯರಿಗೆ. ಅದಕ್ಕೆ ಬದಲಾಗಿ ಅವರು ಕೋಲು ಹಿಡಿದು ಕಾಗೆ ಓಡಿಸಬೇಕು. ಹೇಗೂ ಅಲ್ಲೇ ಕೂತಿರುತ್ತಾರೆ. ಆ ಪ್ಯಾನೆಲ್ ಇದುವರೆಗೆ ನಿಜವಾಗಿ ಉತ್ಪಾದನೆ ಮಾಡಿದ್ದು ಕಾಗೆ ಕಾಯುವ ಒಂದು ಆಳನ್ನು ಮಾತ್ರ ಎನ್ನುವುದು ಅವರ ಮನೆಯವರ ಅಭಿಪ್ರಾಯ. ಅವರ ಅಭಿಪ್ರಾಯಗಳನ್ನು ಅಲ್ಲಗಳೆದವರು ಬೀದಿಯಲ್ಲಿ ಯಾರೂ ಇಲ್ಲ.

ಪ್ಯಾನೆಲ್ ಇಟ್ಟು ಕೆಳಗೆ ಬಂದು ಪೇಪರ್ ಓದಬಹುದಲ್ಲ ಎಂದು ಕೇಳುವವರಿಗೆ ಒಳಗುಟ್ಟು ಗೊತ್ತಿಲ್ಲ. ಸಣ್ಣ ಮೋಡವೊಂದು ಹಾದು ಹೋಗುತ್ತದೆ. ಪ್ಯಾನೆಲ್ ಸುಸ್ತಾಗುತ್ತದೆ, ಫೋನು ತನ್ನ ಎಳೆತವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮೋಡ ದಾಟಿ ಬಿಸಿಲು ಮತ್ತೆ ರಣಗುಟ್ಟಿದರೂ ಕೆಲವು ಫೋನುಗಳಿಗೆ ಸಮಾಚಾರ ತಿಳಿಯುವುದಿಲ್ಲ, ಹಳೆಯ ಆಮೆನಡಿಗೆಯಲ್ಲೇ ಇರುತ್ತವೆ. ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಮಾತ್ರ ಎಚ್ಚರಾಗುತ್ತವೆ. ಆದ್ದರಿಂದ ರಾಯರ ಒಂದು ಕಣ್ಣು ಆಕಾಶದ ಮೇಲೆ, ಇನ್ನೊಂದು ಹೆಬ್ಬೆರಳಿನಷ್ಟೇ ಇರುವ ಯುಎಸ್‌ಬಿ ಮೀಟರಿನ ಮೇಲೆ. “ಐದು ವೋಲ್ಟು, ಒಂದೂವರೆ ಆಂಪು” ಎಂದು ಅವರು ಮೇಲಿನಿಂದ ಕೂಗುವುದು, “ಅನ್ನ ಆರ್ತಿದೆ” ಎಂದು ಕೆಳಗಿನಿಂದ ಉತ್ತರ ಬರುವುದು ಬೀದಿಗೆಲ್ಲ ಅಭ್ಯಾಸವಾಗಿದೆ.

ಈಗ 28 ವ್ಯಾಟಿನ ವಿಷಯ. ಆ ಅಂಕಿಯನ್ನು ಅಳೆಯುವುದು ಪ್ರಯೋಗಾಲಯದಲ್ಲಿ. ಒಂದು ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳಬೇಕು, ಸೆಲ್ಲಿನ ಬಿಸಿ ಮಾತ್ರ 25 ಡಿಗ್ರಿಯಲ್ಲೇ ಇರಬೇಕು. ಏಪ್ರಿಲ್ ಮಧ್ಯಾಹ್ನ ತಾರಸಿಯ ಮೇಲಿನ ಪ್ಯಾನೆಲ್ ಅರವತ್ತು ಡಿಗ್ರಿ ಮುಟ್ಟುತ್ತದೆ. ಸಿಲಿಕಾನ್ ಸೆಲ್‌ಗೆ ಬೆಳಕು ಬೇಕು, ಬಿಸಿ ಆಗಿಬರುವುದಿಲ್ಲ. 25 ದಾಟಿದ ಮೇಲೆ ಡಿಗ್ರಿಗೆ ಶೇಕಡಾ 0.4ರಷ್ಟು ಇಳುವರಿ ಬೀಳುತ್ತದೆ. ಅದು ಕಳೆದು, ವೋಲ್ಟೇಜನ್ನು ಐದಕ್ಕೆ ಇಳಿಸುವ ಸರ್ಕ್ಯೂಟಿನ ಪಾಲು ಕಳೆದು, ಧೂಳು ಕಳೆದು ರಾಯರ ಕೈಗೆ ಬರುವುದು ಹದಿನಾರೋ ಹದಿನೇಳೋ. ಈ ತತ್ವ ತಿಳಿದ ದಿನ ರಾಯರು ಮೊದಲು ಬೀಸಣಿಗೆ ಹಿಡಿದು ಪ್ಯಾನೆಲ್‌ಗೆ ಗಾಳಿ ಹಾಕಿದರು. ಕೈ ನೋಯಿತು. ಮೇಲೆ ಟೇಬಲ್ ಫ್ಯಾನ್ ತಂದರು, ಎಕ್ಸ್‌ಟೆನ್ಷನ್ ಬಾಕ್ಸನ್ನು ಕಿಟಕಿಯಿಂದ ಎಳೆದರು. ಮೀಟರು ಎರಡು ವ್ಯಾಟ್ ಹೆಚ್ಚು ತೋರಿಸಿತು. ಫ್ಯಾನು ಕುಡಿದದ್ದು ಐವತ್ತು. ಆ ಸಂಜೆ ಸಿಎ ಹುಡುಗ ಎದುರಾದಾಗ ರಾಯರು ರಸ್ತೆಯ ಆಚೆ ಬದಿಗೆ ದಾಟಿದರು.

ಒಂದು ವಿಷಯದಲ್ಲಿ ಮಾತ್ರ ಅವರ ಎದುರು ಯಾರೂ ನಿಲ್ಲಲಾರರು. ಪ್ಯಾನೆಲ್ ಯಾವಾಗಲೂ ದಕ್ಷಿಣಕ್ಕೆ ಮುಖ ಮಾಡಬೇಕು ಎಂಬ ಶಾಸ್ತ್ರವನ್ನು ಸೋಲಾರ್ ಗೀಸರ್ ಹಾಕಿಸಿದವರೆಲ್ಲ ಬಾಯಿಪಾಠ ಮಾಡಿದ್ದಾರೆ. ವರ್ಷದ ಒಟ್ಟು ಲೆಕ್ಕಕ್ಕೆ ಅದು ಸರಿ. ಆದರೆ ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲದಂತೆ ಮಾಡುತ್ತಾನೆ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ಇರುವುದು ನಮ್ಮ ಉತ್ತರಕ್ಕೆ. ಜೂನ್ ತಿಂಗಳಲ್ಲಿ ರಾಯರು ಪ್ಯಾನೆಲನ್ನು ಉತ್ತರಕ್ಕೆ ತಿರುಗಿಸಿದ್ದನ್ನು ಕಂಡು ಪಕ್ಕದ ಮನೆಯ ನಿವೃತ್ತ ಎಂಜಿನಿಯರು ನಕ್ಕರು. ರಾಯರು ಮಾತಾಡದೆ ಒಂದು ಪೊರಕೆಯನ್ನು ನೆಟ್ಟಗೆ ನಿಲ್ಲಿಸಿ ತೋರಿಸಿದರು. ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಇಷ್ಟು ಗೆದ್ದವರಿಗೆ ಜೂನ್ ತಿಂಗಳಲ್ಲಿ ದಿನವಿಡೀ ಮೋಡ ಎಂಬ ಸಣ್ಣ ವಿಷಯ ಯಾರೂ ನೆನಪಿಸಲಿಲ್ಲ.

ಊರಿಗೆ ಹೋಗುವಾಗಲೂ ಪ್ಯಾನೆಲ್ ಜೊತೆಗಿರುತ್ತದೆ. ಬಸ್ಸಿನ ಕಿಟಕಿ ಗಾಜಿಗೆ ಒರಗಿಸಿ ಇಡುತ್ತಾರೆ, ಗಾಜೇ ಅರ್ಧ ತಿಂದು ಹಾಕುತ್ತದೆ, ತಿರುವು ಬಂದಾಗ ಬಿಸಿಲು ಎದುರು ಸಾಲಿನ ಕಿಟಕಿಗೆ ಹಾರುತ್ತದೆ. ಅಲ್ಲಿ ಕೂತವರನ್ನು “ಸ್ವಲ್ಪ ಜಾಗ ಬದಲಾಯಿಸ್ಕೊಳ್ಳೋಣವಾ?” ಎಂದು ಕೇಳುತ್ತಾರೆ. ಇವರ ಕಿರಿಯ ತಳಿಯೂ ಒಂದಿದೆ. ಕುಮಾರಪರ್ವತ ಹತ್ತುವ ಹುಡುಗರು ಬ್ಯಾಗಿನ ಬೆನ್ನಿಗೆ ಪ್ಯಾನೆಲ್ ಕಟ್ಟಿಕೊಂಡು ಕುಕ್ಕೆಯಿಂದ ಹೊರಡುತ್ತಾರೆ. ಭಟ್ಟರ ಮನೆ ಮುಟ್ಟುವವರೆಗೂ ದಟ್ಟ ಕಾಡು. ಬಿಸಿಲು ಬೀಳುವುದು ಮರಗಳ ತುದಿಗೆ.

ಇನ್ನು, ಬೆನ್ನ ಮೇಲೆ ಅಂಗೈಯಗಲದ ಸೋಲಾರ್ ಹಲ್ಲೆ ಅಂಟಿಸಿದ ಪವರ್ ಬ್ಯಾಂಕನ್ನು ಅವರಿಗೆ ಉಡುಗೊರೆ ಕೊಟ್ಟ ಸೋದರಳಿಯನ ಮೇಲೆ ರಾಯರಿಗೆ ಇನ್ನೂ ಸಿಟ್ಟಿದೆ. 20,000 ಎಂಎಎಚ್ ಎಂದರೆ 74 ವ್ಯಾಟ್ ಅವರ್. ಆ ಹಲ್ಲೆ ಕೊಡುವುದು ಹೆಚ್ಚೆಂದರೆ ಒಂದೂವರೆ ವ್ಯಾಟ್. ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲು ಸಿಕ್ಕರೂ ಹತ್ತು ದಿನ ಬೇಕು, ನಷ್ಟ ಹಿಡಿದರೆ ಎರಡು ವಾರ. ಅಷ್ಟು ದಿನ ಬಿಸಿಲಲ್ಲಿ ಬೆಂದ ಲಿಥಿಯಂ ಬ್ಯಾಟರಿಯ ಹೊಟ್ಟೆ ಊದಿಕೊಂಡರೆ ಆಶ್ಚರ್ಯವಿಲ್ಲ. ಇಂಥದ್ದನ್ನು ಕೊಳ್ಳಬೇಡಿ. ಇದು ನನ್ನ ಮಾತೂ ಹೌದು.

ರಾಯರ ಕಾಶಿಯಾತ್ರೆ ಕಳೆದ ಬೇಸಿಗೆಯಲ್ಲಿ ಆಯಿತು. ಕಾಶಿ ಎಂದರೆ ತುಮಕೂರು ಜಿಲ್ಲೆಯ ಪಾವಗಡ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕು, 2,050 ಮೆಗಾವ್ಯಾಟ್. ಮಳೆ ಕೈಕೊಟ್ಟ ನೆಲವನ್ನು ರೈತರು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಕೊಟ್ಟರು. ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ, ದಿಗಂತದವರೆಗೂ ಸಾಲಾಗಿ ನಿಂತ ನೀಲಿ ಹಲಗೆಗಳನ್ನು ನೋಡುತ್ತಾ ರಾಯರು ಮನಸ್ಸಿನಲ್ಲೇ ಭಾಗಿಸಿದರು. ತಮ್ಮ 28 ವ್ಯಾಟಿನಂಥವು ಏಳು ಕೋಟಿ ಮೂವತ್ತು ಲಕ್ಷ! 2011ರ ಜನಗಣತಿಯ ಪ್ರಕಾರ ಕನ್ನಡನಾಡಿನವರಿಗೆಲ್ಲ ತಲೆಗೊಂದರಂತೆ ಹಂಚಿದರೂ ಕೋಟಿಗೂ ಹೆಚ್ಚು ಮಿಗುತ್ತವೆ.

“ಇಷ್ಟು ಜಾಗದಲ್ಲಿ ಒಂದು ಸಂಡಿಗೆ ಹಾಕಿಲ್ಲವಲ್ಲ” ಎಂದರು ಅವರ ಮನೆಯವರು.

ಫೋಟೋ ತೆಗೆಯಲು ರಾಯರು ಫೋನು ಎತ್ತಿದರೆ ಅದರಲ್ಲಿ ಶೇಕಡಾ ಎರಡು ಉಳಿದಿತ್ತು. ಕಾರಿನ ಬಾನೆಟ್ಟಿನ ಮೇಲೆ ಪ್ಯಾನೆಲ್ ಬಿಚ್ಚಿ, ಅದರ ಪಕ್ಕದಲ್ಲೇ ಫೋನು ಇಟ್ಟು ಚುಚ್ಚಿದರು. ಹತ್ತು ನಿಮಿಷಕ್ಕೆ ಫೋನು ವಿಪರೀತ ಬಿಸಿಯಾಗಿದೆ, ಚಾರ್ಜಿಂಗ್ ನಿಲ್ಲಿಸಿದ್ದೇನೆ ಎಂದು ಬರೆದು ತೋರಿಸಿ ಕಣ್ಣು ಮುಚ್ಚಿತು. ಎರಡು ಸಾವಿರ ಮೆಗಾವ್ಯಾಟಿನ ನಡುವೆ ಒಬ್ಬ ಮನುಷ್ಯ ಸತ್ತ ಫೋನು ಹಿಡಿದು ನಿಂತ.

ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ನಿಂತು ನೋಡಿದರು. “ಪೋನ್ ಯಾಕ್ ಸ್ವಾಮಿ ಬಿಸ್ಲಾಗೆ ಮಡಗಿದ್ದೀರಿ? ಕಾದೋಗಲ್ವಾ?”

ಅವರ ಹತ್ತಿರವೂ ಒಂದು ಸೋಲಾರ್ ತಟ್ಟೆ ಇತ್ತು, ಪಟ್ಟಿ ಕಟ್ಟಿದ್ದು, ಒಂದು ಮೂಲೆ ಬಿರುಕು ಬಿಟ್ಟದ್ದು. ತಟ್ಟೆ ಬಂಡೆಯ ಮೇಲೆ ಬಿಸಿಲಿಗೆ ಹಾಕಿದರು, ವೈರು ಕಂಬಳಿಯ ನೆರಳಿಗೆ ಎಳೆದರು, ಕಂಬಳಿಯೊಳಗೆ ಪವರ್ ಬ್ಯಾಂಕು. “ಹಗಲೆಲ್ಲ ಇದ್ರಾಗೆ ತುಂಬ್ಕಳಾದು, ರಾತ್ರಿ ಪೋನಿಗೆ ಬಿಡಾದು. ಅಷ್ಟೇಯ.” ಮೋಡ ಬಂದರೆ ಏನು ಮಾಡುತ್ತೀರಿ ಎಂದು ರಾಯರು ಕೇಳಿದರು. “ಬಂದ್ರೆ ಬರ್ಲಿ, ಮಳೆ ಆದ್ರೆ ಕುರಿಗೆ ಮೇವಾಯ್ತದೆ. ಬೇಲಿ ಬಿದ್ದ್ ಮ್ಯಾಕೆ ಮೇಯ್ಸಕ್ಕೆ ಜಾಗಾನೇ ಕಮ್ಮಿ” ಎಂದು ಹೇಳಿ ಅವರು ಕುರಿಗಳ ಹಿಂದೆ ಹೊರಟರು. ಮೀಟರು ಇಲ್ಲ, ಬೀಸಣಿಗೆ ಇಲ್ಲ, ದಿಕ್ಕಿನ ವಾದ ಇಲ್ಲ. ಆ ತಟ್ಟೆ ಕೆಲಸ ಮಾಡುತ್ತಿತ್ತು, ಅವರು ಅವರ ಕೆಲಸ ಮಾಡುತ್ತಿದ್ದರು.

ತುಮಕೂರು ದಾಟುವವರೆಗೆ ರಾಯರು ಮಾತಾಡಲಿಲ್ಲವಂತೆ. ಪಾಠ ಕಲಿತರು ಎಂದು ನಾವೆಲ್ಲ ಅಂದುಕೊಂಡೆವು. ಏಪ್ರಿಲ್ ಕೊನೆಯಲ್ಲಿ ಗಾಳಿಮಳೆಗೆ ನಮ್ಮ ಬೀದಿಯ ಗುಲ್‌ಮೊಹರು ಉರುಳಿ ತಂತಿ ಕಿತ್ತು ರಾತ್ರಿಯಿಡೀ ಕರೆಂಟು ಹೋದಾಗ ಎಲ್ಲರೂ ಚಾರ್ಜರ್ ಹಿಡಿದು ರಾಯರ ಬಾಗಿಲಿಗೆ ಹೋದೆವು. ಪವರ್ ಬ್ಯಾಂಕು ತುಂಬಿತ್ತು! ಎಂಟು ಮನೆಯ ಫೋನುಗಳಿಗೆ ಸರದಿಯ ಮೇಲೆ ಒಂದಿಷ್ಟು ಜೀವ ಬಂತು. ಸಿಎ ಹುಡುಗ ಕೈ ಮುಗಿದ. ಅದನ್ನು ಸೋಲಾರಿನಿಂದ ತುಂಬಿಸಿದ್ದಾ, ಹಾಲಿನ ಪ್ಲಗ್ಗಿನಿಂದ ತುಂಬಿಸಿದ್ದಾ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೇಳಿದ್ದರೆ ಅವರ ಮನೆಯವರು ಹೇಳಿಬಿಡುತ್ತಿದ್ದರು.

ಅಂದಹಾಗೆ, ರಾಯರು ಈಗ 60 ವ್ಯಾಟಿನದಕ್ಕೆ ಆರ್ಡರ್ ಹಾಕಿದ್ದಾರೆ. ಹಳೆಯ 28 ವ್ಯಾಟಿನದು ಮಾರಾಟಕ್ಕಿದೆ. ಜಿಪ್ಪಿನ ಒಂದು ತುದಿಯನ್ನು ಅಳಿಲು ಕಡಿದಿದೆ, ಉಳಿದಂತೆ ಚೆನ್ನಾಗಿದೆ. ಬೇಕಾದವರು ಬೆಳಿಗ್ಗೆ ಹತ್ತರೊಳಗೆ ಹೋಗಿ ಮಾತಾಡಿ. ಆಮೇಲೆ ಅವರು ತಾರಸಿ ಬಿಟ್ಟು ಇಳಿಯುವುದಿಲ್ಲ.