ಗಿರಾಕಿಲಕ್ಷಣಚಂದ್ರಿಕೆ: ಹಲಗೂರು ಪಾಠ

ಕನ್ನಡದಲ್ಲಿ ಆನೆಗೆ ಶಾಸ್ತ್ರವಿದೆ, ಕುದುರೆಗೆ ಶಾಸ್ತ್ರವಿದೆ, ಹಾವಿನ ವಿಷಕ್ಕೆ ಖಗೇಂದ್ರಮಣಿದರ್ಪಣವಿದೆ, ಅಡುಗೆಗೆ ಮೂರನೆಯ ಮಂಗರಸನ ಸೂಪಶಾಸ್ತ್ರವಿದೆ. ಉಂಡು ಕೈತೊಳೆದು ಬಿಲ್ಲು ಕೊಡುವವನ ಬಗ್ಗೆ ಮಾತ್ರ ಯಾವ ಶಾಸ್ತ್ರವೂ ಇಲ್ಲ. ಪೂರ್ವಸೂರಿಗಳು ಬಿಟ್ಟ ಈ ಜಾಗದಲ್ಲಿ ಈಗ ಗೂಗಲ್ ಮ್ಯಾಪಿನವರು ಕೂತಿದ್ದಾರೆ. ಅವರ ಮತದಲ್ಲಿ ತೃಪ್ತಿಯೆಂಬುದು ಐದು ನಕ್ಷತ್ರಗಳ ಒಂದು ಸಾಲು, ಅಷ್ಟೇ. ಆ ಮತವನ್ನು ಖಂಡಿಸಿ, ಗಿರಾಕಿಯ ಪ್ರಭೇದಗಳನ್ನೂ ಸ್ವಂತ ಮುಖ ತೋರಿಸಿ ಮಾಲು ಮಾರುವವರ ಪ್ರಭೇದಗಳನ್ನೂ ತಕ್ಕಮಟ್ಟಿಗೆ ನಿರೂಪಿಸುವುದು ಈ ಗ್ರಂಥದ ಪ್ರಯೋಜನ. ಅಧಿಕಾರಿ ಯಾರೆಂದರೆ, ಅಂಗಡಿ ಇಟ್ಟವನು, ಇಡಬೇಕೆಂದಿರುವವನು, ಮುಚ್ಚಿದವನು.

ಕ್ಷೇತ್ರ: ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು, ಹಲಗೂರು. ಕ್ಷೇತ್ರ ಇದೇ ಯಾಕೆ ಎಂದು ಕೇಳಬಹುದು. ಬೆಂಗಳೂರಿನಿಂದ ಕನಕಪುರದ ಮೇಲೆ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಈ ಊರಿದೆ. ಮುತ್ತತ್ತಿಗೆ ಇಲ್ಲಿಂದ ದಾರಿ ಒಡೆಯುತ್ತದೆ. ಗಗನಚುಕ್ಕಿ ಜಲಪಾತ ನೋಡಲು ಈ ದಾರಿ ಹಿಡಿದ ಕಾರುಗಳೂ ಇಲ್ಲೇ ಹಾಯಬೇಕು. ಹಾಗಾಗಿ ಒಂದೇ ಹೋಟೆಲಿನ ಒಂದೇ ಬೆಂಚಿನಲ್ಲಿ, ಮೂವತ್ತು ವರ್ಷದಿಂದ ದಿನಾ ಬರುವವನೂ ಇನ್ನು ಜನ್ಮದಲ್ಲಿ ಬಾರದವನೂ ಒಟ್ಟಿಗೆ ಕೂತು ಇಡ್ಲಿ ತಿನ್ನುತ್ತಾರೆ. ಶಾಸ್ತ್ರಕಾರನಿಗೆ ಇದಕ್ಕಿಂತ ಅನುಕೂಲದ ಪ್ರಯೋಗಶಾಲೆ ಸಿಕ್ಕೀತೇ?

ಮೊದಲು ಲಕ್ಷಣ. ತೃಪ್ತಿ ಎಂದರೇನು? "ಗಿರಾಕಿ ಅದೇ ಅಂಗಡಿಗೆ ಮತ್ತೆ ಬರುವುದು" ಎಂದು ಕೆಲವರು. ಮೇಲ್ನೋಟಕ್ಕೆ ಸರಿಯೆನಿಸುವ ಈ ಲಕ್ಷಣ ಬೋರ್‌ವೆಲ್ ಲಾರಿಯ ಎದುರು ಬಿದ್ದುಹೋಗುತ್ತದೆ. ಮಳವಳ್ಳಿ ತಾಲ್ಲೂಕು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗ. ನಾಲೆಯ ನೀರು ಬಂದಾಗ ಬಂತು, ಬಾರದಿದ್ದಾಗ ಬೋರೇ ಗತಿ. ಬೋರ್ ಕೊರೆಸಿದ ರೈತ ಮರುವರ್ಷ ಅದೇ ಲಾರಿಯವನನ್ನು ಹುಡುಕಿಕೊಂಡು ಬಂದನೆಂದರೆ ಮೊದಲ ಬೋರಿನಲ್ಲಿ ನೀರು ಬಿದ್ದಿಲ್ಲವೆಂದೇ ಅರ್ಥ. ಮತ್ತೆ ಬರುವುದು ಇಲ್ಲಿ ಅತೃಪ್ತಿಯ ಗುರುತು. ಇದು ಅತಿವ್ಯಾಪ್ತಿ ದೋಷ. ನೀರು ಬಿದ್ದವನಾದರೋ ಎರಡನೆಯ ಸಲ ಬರುವುದೇ ಇಲ್ಲ, ಇದು ಅವ್ಯಾಪ್ತಿ. "ಬಾಯಿ ತುಂಬ ಹೊಗಳುವುದು" ಎಂಬುದು ಇನ್ನೊಂದು ಮತ. ಮಂಡ್ಯ ಜಿಲ್ಲೆಯ ಮಟ್ಟಿಗೆ ಇದು ಅಸಂಭವ ದೋಷ, ಚರ್ಚೆಗೆ ಅರ್ಹವಲ್ಲ.

ಆದ್ದರಿಂದ ಪರಿಷ್ಕೃತ ಲಕ್ಷಣ: ತಾನು ಬರಲಿ ಬಿಡಲಿ, ಭಾವಮೈದುನನನ್ನು ಕಳಿಸುವವನು ತೃಪ್ತ. ಭಾವಮೈದುನನೇ ಯಾಕೆ, ಗೆಳೆಯ ಸಾಲದೇ ಎಂದರೆ, ಸಾಲದು. ಗೆಳೆಯನಿಗೆ ಕೆಟ್ಟ ಮಾಲು ಬಿದ್ದರೆ ನಕ್ಕು ಬಿಡಬಹುದು. ಭಾವಮೈದುನನಿಗೆ ಬಿದ್ದರೆ ಅದು ಮನೆಯೊಳಗೆ ಹಬ್ಬಹಬ್ಬಕ್ಕೂ ಎದ್ದು ಬರುತ್ತದೆ. ಅಷ್ಟು ಅಪಾಯ ಮೈಮೇಲೆ ಎಳೆದುಕೊಂಡು "ಅಲ್ಲೇ ಹೋಗ್ಲಾ, ನನ್ ಎಸ್ರು ಯೋಳು" ಎಂದು ಕಳಿಸುವವನ ಶಿಫಾರಸಿಗೆ ನಕ್ಷತ್ರಗಳು ಸಮವಲ್ಲ.

ಇನ್ನು ಗಿರಾಕಿಯ ಪ್ರಭೇದ. ಪಾಂಥ, ಖಾತೆದಾರ, ನೆಂಟ, ಬೆಂಚಿಗ ಎಂದು ನಾಲ್ಕು.

ಪಾಂಥನೆಂದರೆ ದಾರಿಹೋಕ. ಇವನಲ್ಲಿ ಪ್ರಾತಃಪಾಂಥ, ಸಾಯಂಪಾಂಥ ಎಂದು ಎರಡು ಒಳಭೇದ. ಶನಿವಾರ, ಭಾನುವಾರ ಬೆಳಿಗ್ಗೆ ಬರುವ ಪ್ರಾತಃಪಾಂಥ ಹಸಿದಿರುತ್ತಾನೆ, ಎಲ್ಲವೂ ಅವನಿಗೆ ಇಷ್ಟ. ತಟ್ಟೆಯ ಫೋಟೋ ತೆಗೆಯುತ್ತಾನೆ, ಮಾಣಿಯನ್ನು ಅಣ್ಣ ಎನ್ನುತ್ತಾನೆ. ಸಾಯಂಪಾಂಥ ಅದೇ ಮನುಷ್ಯ. ಬಿಸಿಲಿಗೆ ಬೆಂದು, ಗಗನಚುಕ್ಕಿಯಲ್ಲಿ ನೀರಿಲ್ಲವೆಂದು ಮುನಿದು, ನಿದ್ದೆಹೋದ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಬರುತ್ತಾನೆ. ನಕ್ಷತ್ರ ಕೊಡುವುದು ಈ ಎರಡನೆಯವನು, ಅದೂ ಕನಕಪುರ ದಾಟಿ ಟ್ರಾಫಿಕ್ಕಿನಲ್ಲಿ ನಿಂತಾಗ. "ಇಡ್ಲಿ ಚೆನ್ನಾಗಿತ್ತು, ಪಾರ್ಕಿಂಗ್ ಇಲ್ಲ, ಮೂರು ಸ್ಟಾರ್." ಆ ಎರಡು ನಕ್ಷತ್ರಗಳು ಹೋದದ್ದು ಇಡ್ಲಿಯ ತಪ್ಪಿಗೋ, ರಸ್ತೆಯ ತಪ್ಪಿಗೋ, ಮಳೆಯ ತಪ್ಪಿಗೋ ವಿಂಗಡಿಸುವ ಉಪಾಯ ಯಾವ ಫೋನಿನಲ್ಲೂ ಇಲ್ಲ. ಆದರೂ ಹೋಟೆಲಿನವರು ಇವನನ್ನೇ ಓಲೈಸುತ್ತಾರೆ. ದೂರದವನಿಗೆ ಮೊದಲು ಎಲೆ ಹಾಕುವುದು ಈ ಸೀಮೆಗೆ ಹೊಸತಲ್ಲ, ಬಿಡಿ. 1902ರಲ್ಲಿ ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ.

ಪಾಂಥನನ್ನು ನಂಬಿ ಕೂತರೆ ಏನಾಗುತ್ತದೆಂಬುದಕ್ಕೆ ಪಕ್ಕದ ಮದ್ದೂರೇ ಉದಾಹರಣೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಕಾರುಗಳು ಊರೊಳಗೆ ಇಳಿಯದೆ ಹಾರಿಹೋದವು. ಹಳೆಯ ರಸ್ತೆಯ ಹೋಟೆಲುಗಳು ಗಿರಾಕಿಯಿಲ್ಲದೆ ನೊಣ ಹೊಡೆದವು. ಮದ್ದೂರು ವಡೆಯ ರುಚಿ ಕೆಟ್ಟಿರಲಿಲ್ಲ, ರಸ್ತೆ ಸರಿದಿತ್ತು.

ಎರಡನೆಯವನು ಖಾತೆದಾರ. ಹಲಗೂರು ಪಾಠಕ್ಕೆ ಇವನೇ ನಾಯಕ. ದಿನಸಿ ಅಂಗಡಿಯ ಗಲ್ಲಾದ ಪಕ್ಕ ಉದ್ದನೆಯ ನೋಟ್ ಬುಕ್ಕಿನಲ್ಲಿ ಇವನಿಗೊಂದು ಪುಟ ಇರುತ್ತದೆ. ಕಬ್ಬಿನ ದುಡ್ಡು ಬಂದಾಗ, ರೇಷ್ಮೆಗೂಡು ಮಾರಿದಾಗ ಆ ಪುಟಕ್ಕೆ ಅಡ್ಡಗೆರೆ ಬೀಳುತ್ತದೆ, ಮಾರನೆಯ ದಿನ ಹೊಸ ಲೆಕ್ಕ ಶುರು. ಇವನ ಸಂಭಾಷಣೆಯ ಮಾದರಿ ಹೀಗೆ:

"ಏನ್ ಸೆಟ್ರೆ, ಓದ್ ಸಲದ್ ಬೇಳೆ ಬೇಯ್ನೇ ಇಲ್ವಲ್ಲ! ಕಲ್ಲೇನಾದ್ರೂ ಬೆರ್ಸಿದ್ರೋ ಎಂಗೆ?"

"ಊರ್ಗೆಲ್ಲ ಬೇಯ್ತದೆ ಕಣಣ್ಣ, ನಿಮ್ಮನೆ ಒಲೆಗೇ ಏನೋ ಆಗದೆ ನೋಡು. ಬ್ಯಾರೆ ಕಡೆ ತಕ್ಕೋ ಓಗು, ಯಾರ್ ಬ್ಯಾಡ ಅಂದ್ರು?"

"ಬ್ಯಾರೆ ಕಡೀಕ್ ಓದ್ರೆ ನಿಮ್ಮುನ್ ಬೈಯೋರ್ ಯಾರು? ಎಲ್ಡ್ ಕೆಜಿ ಕಟ್ಟಿ. ಬರ್ಕೊಳ್ಳಿ."

ಮೂರು ಸಾಲಿನಲ್ಲಿ ದೂರು, ಪ್ರತಿದೂರು, ವ್ಯಾಪಾರ, ಸಾಲ ಎಲ್ಲ ಮುಗಿಯಿತು. ನಗರದ ಮ್ಯಾನೇಜ್‌ಮೆಂಟ್ ಪಂಡಿತರು ಇದನ್ನು ಕೇಳಿಸಿಕೊಂಡರೆ ಗಿರಾಕಿ ಕೈತಪ್ಪಿದ ಎಂದು ಬರೆದುಕೊಳ್ಳುತ್ತಾರೆ. ಆದರೆ ಎರಡು ಕಿಲೋ ಬೇಳೆ ಆಗಲೇ ಪೊಟ್ಟಣವಾಗಿದೆ. ಬೈಯುವುದಕ್ಕೂ ಒಂದು ಹಕ್ಕು ಬೇಕು, ಆ ಹಕ್ಕು ವರ್ಷಗಟ್ಟಲೆ ಕೊಂಡಮೇಲೆ ಬರುತ್ತದೆ. ಅತೃಪ್ತನಾದವನು ಬೈಯುವುದಿಲ್ಲ. ಪುಟದ ಬಾಕಿ ತೀರಿಸಿ, ಚಿಲ್ಲರೆ ಎಣಿಸಿಕೊಂಡು, "ಬತ್ತೀನಿ" ಅಂತಲೂ ಅನ್ನದೆ ಇಳಿದುಹೋಗುತ್ತಾನೆ. ಅಂಗಡಿಯವನಿಗೆ ನಿದ್ದೆ ಕೆಡುವುದು ಆವತ್ತು. ಈ ಖಾತೆದಾರನ ಅಭಿಪ್ರಾಯವನ್ನು ಯಾವ ಆಪ್ ಕೂಡ ಈವರೆಗೆ ಕೇಳಿಲ್ಲ. ಕೇಳಿದ್ದರೆ ಒಂದು ಸ್ಟಾರ್ ಕೊಟ್ಟು, ಅದೇ ಅಂಗಡಿಯಿಂದ ಮನೆಗೆ ಎಣ್ಣೆ ಒಯ್ಯುತ್ತಿದ್ದ.

ನೆಂಟನ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಅವನಿಗೆ ಡಿಸ್ಕೌಂಟು ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಬೆಂಚಿಗನೆಂದರೆ ಏನೂ ಕೊಳ್ಳದೆ ಅಂಗಡಿ ಮುಂದೆ ಪೇಪರ್ ಓದುತ್ತ ಕೂರುವವನು. ಕಾವಲಿಗೂ ಆಗುತ್ತಾನೆ, ಜಾಹೀರಾತಿಗೂ ಆಗುತ್ತಾನೆ. ಒಳಗೆ ಕಾಲಿಟ್ಟವನಿಗೆ "ತಕ್ಕೊಳ್ಳಪ್ಪ, ಚೆಂದಾಗದೆ" ಎಂದು ಕೇಳದೆಯೇ ಹೇಳುತ್ತಾನೆ. ಸಂಬಳ ದಿನಕ್ಕೊಂದು ಟೀ.

ಮಾರುವವನ ಕಾಂಡಕ್ಕೆ ಬಂದರೆ, ಸೋಶಿಯಲ್ ಮೀಡಿಯಾದಲ್ಲಿ ಪ್ರಚಾರ ಮೂರು ವಿಧ: ಅಮುಖ, ಪರಮುಖ, ಸ್ವಮುಖ.

ಅಮುಖಪ್ರಚಾರ ಎಂದರೆ ಯುಗಾದಿಯಿಂದ ದೀಪಾವಳಿವರೆಗೆ ಪ್ರತಿ ಹಬ್ಬಕ್ಕೂ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬೀಳುವ ಶುಭಾಶಯ; ಮೇಲೆ ದೇವರು, ಕೆಳಗೆ ಸಿಮೆಂಟ್ ಅಂಗಡಿಯ ಮೊಬೈಲ್ ನಂಬರು. ನಿರುಪದ್ರವಿ, ಆದ್ದರಿಂದ ನಿಷ್ಪ್ರಯೋಜಕ.

ಪರಮುಖಪ್ರಚಾರದಲ್ಲಿ ಮುಖ ಬಾಡಿಗೆಗೆ ಬರುತ್ತದೆ. ಒಬ್ಬ ರೀಲ್ಸ್ ಮಾಡುವವನು ಬಂದು ಮುದ್ದೆ ಮುರಿದು, ನಾಟಿಕೋಳಿ ಸಾರಿನಲ್ಲಿ ಅದ್ದಿ, ನುಂಗುವ ಮೊದಲೇ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾನೆ. ಗಂಟಲು ದಾಟದ ತುತ್ತಿನ ರುಚಿ ತಿಳಿಯುವ ಈ ಸಿದ್ಧಿ ಹಿಂದಿನ ಯೋಗಿಗಳಿಗೂ ಇದ್ದಂತಿಲ್ಲ. ಬಾಡಿಗೆಯ ದರ ಏಕರೂಪವಲ್ಲ. 2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ ನೇಮಿಸಿ ರಾಜ್ಯ ಸರ್ಕಾರ ಗೊತ್ತುಮಾಡಿದ್ದು 6.2 ಕೋಟಿ ರೂಪಾಯಿ. ಕನ್ನಡದವರು ಸಿಗಲಿಲ್ಲವೇ ಎಂಬ ಗಲಾಟೆಯೂ ಆಯಿತು. ಅದೇ ರಾಜ್ಯದ ನಂದಿನಿ ಹಾಲಿಗೆ ಡಾ. ರಾಜ್‌ಕುಮಾರ್, ಆಮೇಲೆ ಪುನೀತ್ ಇಬ್ಬರೂ ಸಂಭಾವನೆ ಪಡೆಯದೆ ಮುಖ ಕೊಟ್ಟರು. ಸೋಪು ಹೆಚ್ಚು ಮಾರಾಟವಾಗುವುದೋ ಹಾಲು ಹೆಚ್ಚೋ ಎಂಬ ತರ್ಕ ಇಲ್ಲಿ ಬೇಡ. ಹಲಗೂರಿನ ಮನೆಗಳಲ್ಲಿ ಎರಡೂ ಇವೆ.

ಸ್ವಮುಖಪ್ರಚಾರವೇ ಈ ಗ್ರಂಥದ ಹೃದಯ. ಆಲೆಮನೆಯ ಮಾಲೀಕನನ್ನು ನೋಡಿ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿದೆ, ಒಲೆಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುತ್ತಿದ್ದಾರೆ, ಆವಿ ಎದ್ದು ಫೋನಿನ ಕಣ್ಣು ಮಂಜಾಗುತ್ತಿದೆ. ಟವೆಲಿನಿಂದ ಅದನ್ನು ಒರೆಸಿ ಅವನು ಶುರುಮಾಡುತ್ತಾನೆ: "ನೋಡ್ರಣ್ಣ, ಕೆಮಿಕಲ್ ಇಲ್ಲ, ಏನಿಲ್ಲ." ಬೆಲ್ಲ ಕಪ್ಪಗಿದೆ. ಇದೇ ಬೆಲ್ಲವನ್ನು ಹಿಂದೆ ಗಿರಾಕಿ ಕಪ್ಪೆಂದು ದೂಡುತ್ತಿದ್ದ. ಅವನ ತೃಪ್ತಿಗೆಂದೇ ಹೈಡ್ರೋಸ್ ಪುಡಿ ಹಾಕಿ ಬೆಲ್ಲವನ್ನು ಹೊಂಬಣ್ಣಕ್ಕೆ ತರುವುದು ರೂಢಿಯಾಯಿತು. ಈಗ ಅದೇ ಗಿರಾಕಿ ಬೆಂಗಳೂರಿನಲ್ಲಿ ಕಪ್ಪು ಬೆಲ್ಲಕ್ಕೆ ಹೆಚ್ಚು ದುಡ್ಡು ಕೊಡುತ್ತಾನೆ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಾಟು ಎಂದು ಬೆಲ್ಲಕ್ಕೆ ಜಾತಿಗಳಿವೆ; "ರೀಲ್ಸ್ ಬೆಲ್ಲ" ಎಂಬ ಇನ್ನೊಂದನ್ನು ಸೇರಿಸುವ ಕಾಲ ಬಂದಿದೆ. ಕಪ್ಪಗಿದ್ದ ಮಾತ್ರಕ್ಕೆ ಶುದ್ಧವೇನಲ್ಲ ಎಂಬುದನ್ನೂ ಹೇಳಬೇಕು. ಬಣ್ಣ ನೋಡಿ ನಂಬುವ ಗಿರಾಕಿಯನ್ನು ಯಾವ ಬಣ್ಣದಿಂದಲಾದರೂ ನಂಬಿಸಬಹುದು.

ಹಾಗಾದರೆ ಸ್ವಮುಖದಲ್ಲಿ ಸಾಚಾತನ ಗುರುತಿಸುವುದು ಹೇಗೆ? ಸಹಜ, ಕೃತಕ, ಕೃತಕಸಹಜ ಎಂದು ಮೂರು ದರ್ಜೆ. ರೀಲಿನ ನಡುವೆ ಒಳಗಿಂದ ಹೆಂಡತಿ "ನೀರ್ ನಿಂತೋಯ್ತು, ಮೋಟ್ರು ಆಕಿ" ಎಂದು ಕೂಗಿದ ದನಿ ಹಾಗೇ ಉಳಿದಿದ್ದರೆ ಸಹಜ. ಅದನ್ನು ಕತ್ತರಿಸಿದ್ದರೆ ಕೃತಕ. ಕೂಗಿಸಿ ಸೇರಿಸಿದ್ದರೆ ಕೃತಕಸಹಜ. ಮಂಡ್ಯದ ಮಾತು ಈಗ ಚೆನ್ನಾಗಿ ಓಡುತ್ತದೆಂದು ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಎಲ್ಲ ಹಕಾರಗಳನ್ನೂ ಉದುರಿಸಿ ಮಾತಾಡುವವರು ಈ ಮೂರನೆಯ ದರ್ಜೆಯವರು. ಹಲಗೂರಿನವನಿಗೆ ಇವರು ಎರಡನೆಯ ವಾಕ್ಯಕ್ಕೇ ಸಿಕ್ಕಿಬೀಳುತ್ತಾರೆ.

ಹೆಸರಿನಿಂದ ಮಾರುವುದು ಇವೆಲ್ಲಕ್ಕಿಂತ ಹಳೆಯದು. ಬಂಡೂರು ಮಳವಳ್ಳಿ ತಾಲ್ಲೂಕಿನದೇ ಒಂದು ಹಳ್ಳಿ. ಕುಳ್ಳ ಕಾಲಿನ, ತುಂಬಿದ ಮೈಯ ಕುರಿಗೆ ಹೆಸರು ಕೊಟ್ಟ ಊರು. ಪೇಟೆಯಲ್ಲಿ ಅದೇ ಬನ್ನೂರು ಕುರಿ. ಬೆಂಗಳೂರಿನಲ್ಲಿ ಆ ಹೆಸರಿನ ಬೋರ್ಡು ಹಾಕಿದ ಮಟನ್ ಅಂಗಡಿಗಳಿಗೆಲ್ಲ ನಿಜವಾಗಿ ಇಲ್ಲಿಂದಲೇ ಕುರಿ ಹೋಗುತ್ತಿದ್ದರೆ ತಾಲ್ಲೂಕಿನಲ್ಲಿ ಮನುಷ್ಯರಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಕೊನೆಯದು ದಂಡಪ್ರಕರಣ. ಶಾಸ್ತ್ರ ಬರೆಯುವವರು ಸೋಮಾರಿಗಳಾದರೂ ಸರ್ಕಾರ ಸುಮ್ಮನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸುಳ್ಳು ಜಾಹೀರಾತಿಗೆ ಮಾಲು ಮಾಡಿದವನಿಗಷ್ಟೇ ಅಲ್ಲ, ಮುಖ ಕೊಟ್ಟವನಿಗೂ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಮತ್ತೆ ಮಾಡಿದರೆ 50 ಲಕ್ಷದವರೆಗೆ. ದುಡ್ಡೋ ಉಡುಗೊರೆಯೋ ಬಿಟ್ಟಿ ಊಟವೋ ಪಡೆದು ಹೊಗಳಿದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸೂಚನೆ ಹೊರಡಿಸಿತು. ಹಣ ಕೊಟ್ಟು ಬರೆಸುವ ವಿಮರ್ಶೆಗಳ ಕಾಟಕ್ಕೆ 2022ರಲ್ಲೇ ಭಾರತೀಯ ಮಾನಕ ಬ್ಯೂರೋ ಐಎಸ್ 19000 ಎಂಬ ಮಾನದಂಡ ತಂದಿತ್ತು. ಮುದ್ದೆ ನುಂಗುವ ಮೊದಲೇ ತಲೆ ಅಲ್ಲಾಡಿಸುವವರು ಇವನ್ನು ಓದಿಕೊಂಡಂತೆ ಕಾಣುವುದಿಲ್ಲ.

ಇನ್ನೊಂದು ಚಾಳಿ ಉಳಿದಿದೆ, ಅದಕ್ಕೆ ಗುಪ್ತಮೂಲ್ಯ ಎಂದು ಹೆಸರಿಡೋಣ. ಸೀರೆಯ ರೀಲು, ತುಪ್ಪದ ರೀಲು, ಗಾಣದ ಎಣ್ಣೆಯ ರೀಲು, ಕೆಳಗೆ ನೂರು ಜನ "ರೇಟ್ ಎಷ್ಟು?" ಎಂದು ಕೇಳಿರುತ್ತಾರೆ. ನೂರು ಜನಕ್ಕೂ ಒಂದೇ ಉತ್ತರ: "ಇನ್‌ಬಾಕ್ಸ್ ಮಾಡಿ." ಹಲಗೂರಿನ ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳಿದವನನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಿದರೆ, ಬೆಂಚಿನ ಮೇಲಿನವನು ಪೇಪರ್ ಮಡಚಿ ಎದ್ದು ನೋಡುತ್ತಾನೆ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ರೀಲ್ಸ್ ಮಾಡುವ ಅಂಗಡಿಯವರಲ್ಲಿ ಆದ್ದರಿಂದ ಇಷ್ಟೇ ಬಿನ್ನಹ: ಮುಖ ತೋರಿಸಿ, ಮನೆಯವರ ಕೂಗು ಕೇಳಿಸಿದರೂ ಕೇಳಿಸಲಿ. ಮುಖದ ಪಕ್ಕದಲ್ಲೇ ಬೆಲೆಯನ್ನೂ ಅಂಗಡಿ ಇರುವ ಜಾಗವನ್ನೂ ಬರೆಯಿರಿ. ಬೈಯಬೇಕಾದವರು ಎಲ್ಲಿಗೆ ಬರಬೇಕೆಂದು ಗೊತ್ತಿರಲಿ. ಕೊಳ್ಳುವವರು ಇದನ್ನೂ ಮೀರಿ ಮೋಸಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.