ವೇದಕ್ಕೆ ಸಮ, ಅಂಕ ಮೂರು

ಅರ್ಥವೇ ಗೊತ್ತಿಲ್ಲದೆ ಗಾದೆಯನ್ನು ವಿಸ್ತರಿಸಬಹುದು ಎಂಬುದು ನಮ್ಮ ಶಾಲೆಗಳು ಕನ್ನಡಕ್ಕೆ ಕೊಟ್ಟ ದೊಡ್ಡ ಕಾಣಿಕೆ. ಮೊದಲ ಸಾಲು, “ಗಾದೆಗಳು ವೇದಗಳಿಗೆ ಸಮ.” ಎರಡನೆಯದು, “ವೇದ ಸುಳ್ಳಾದರೂ ಗಾದೆ ಸುಳ್ಳಾಗದು.” ಮೂರನೆಯದು, “ಇವು ನಮ್ಮ ಹಿರಿಯರ ಅನುಭವದ ನುಡಿಮುತ್ತುಗಳು.” ಗಾದೆ ಯಾವುದೇ ಬರಲಿ, ಈ ಮೂರು ಸಾಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಆಮೇಲೆ ಪ್ರಶ್ನೆಪತ್ರಿಕೆಯಲ್ಲಿರುವ ಗಾದೆಯನ್ನೇ ಇನ್ನೊಮ್ಮೆ ದುಂಡಗೆ ಬರೆದು, “ಇಂಥ ಪ್ರಸಿದ್ಧ ಗಾದೆಗಳಲ್ಲಿ ಇದೂ ಒಂದು” ಎಂದು ಸೇರಿಸಿ, “ಆದ್ದರಿಂದ ನಾವೆಲ್ಲರೂ ಈ ಗಾದೆಯಂತೆ ನಡೆಯಬೇಕು” ಎಂದು ಮುಗಿಸಿದರೆ, ಎಸ್ಸೆಸ್ಸೆಲ್ಸಿಯ ಮೂರು ಅಂಕದಲ್ಲಿ ಒಂದಾದರೂ ಜೇಬಿಗೆ ಬಿತ್ತು. “ಬೇಲಿಯೇ ಎದ್ದು ಹೊಲ ಮೇಯ್ದಂತೆ” ಎಂಬುದಕ್ಕೂ ಇದೇ ಮುಕ್ತಾಯ. ಹಾಗೆ ನಡೆಯಬೇಕೆಂದು ಬರೆದು ಪಾಸಾದವರು ಮುಂದೆ ಯಾವ್ಯಾವ ಕಚೇರಿ ಸೇರಿದರು ಎಂಬುದು ಲೋಕಾಯುಕ್ತಕ್ಕೆ ಗೊತ್ತು.

ಈ ತಾಲೀಮು ಆರು, ಏಳನೇ ತರಗತಿಯಲ್ಲೇ ಶುರು. ಪರೀಕ್ಷೆಯಲ್ಲಿ ಎರಡು ಗಾದೆ ಕೊಟ್ಟು ಯಾವುದಾದರೂ ಒಂದನ್ನು ವಿಸ್ತರಿಸಿ ಎನ್ನುತ್ತಾರೆ. ಒಂದು, “ಮಾತು ಬೆಳ್ಳಿ, ಮೌನ ಬಂಗಾರ.” ಇನ್ನೊಂದು, “ಬಾಯಿದ್ದವನು ಬರಗಾಲದಲ್ಲೂ ಬದುಕಿದ.” ಎರಡೂ ವೇದಕ್ಕೆ ಸಮ. ಹಾಗಾದರೆ ಮಾತಾಡಬೇಕೋ ಬೇಡವೋ ಮಿಸ್ ಎಂದು ಯಾವಳಾದರೂ ಹುಡುಗಿ ಎದ್ದು ನಿಂತರೆ ಉತ್ತರ ರೆಡಿ ಇದೆ: “ಸುಮ್ನೆ ಕೂತ್ಕೊ.”

ಮಂಡ್ಯ ಕಡೆಯ ಒಂದು ಶಾಲೆ ಎಂದುಕೊಳ್ಳಿ. ಗಾದೆ, ಇನ್ನಾವುದು, “ಕೈ ಕೆಸರಾದರೆ ಬಾಯಿ ಮೊಸರು.” ಗದ್ದೆಯಿಂದಲೇ ಸ್ಕೂಲಿಗೆ ಬಂದ ಹುಡುಗ ಕಂಡದ್ದನ್ನು ಬರೆಯುತ್ತಾನೆ: “ನಮ್ಮಪ್ಪನ ಕೈ ವರ್ಷವೆಲ್ಲ ಕೆಸರು. ಮೊಸರು ಮಂಡಿ ಸಾಹುಕಾರರ ಮನೆಯಲ್ಲಿದೆ.” ಪಕ್ಕದಲ್ಲಿ ಕೆಂಪು ಶಾಯಿಯ ದೊಡ್ಡ ಸುತ್ತು, ಅದರೊಳಗೆ ‘ವಿಷಯಾಂತರ’. ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ ಎಂದು ಮಾದರಿ ಉತ್ತರದಲ್ಲಿ ಅಚ್ಚಾಗಿರುವಾಗ, ಫಲ ಸಿಗಲಿಲ್ಲ ಎನ್ನಲು ಇವನ್ಯಾರು? ಅಸಲಿಗೆ ನಮ್ಮ ಒಳ್ಳೊಳ್ಳೆಯ ಗಾದೆಗಳೆಲ್ಲ ಯಾರೋ ಹೀಗೆ ಹೊಟ್ಟೆಯುರಿದು ಆಡಿದ ಮಾತಿನಂತೆಯೇ ಕೇಳಿಸುತ್ತವೆ. ಹೊಸದೊಂದು ಹುಟ್ಟುವ ಸೂಚನೆ ಸಿಕ್ಕ ಕೂಡಲೇ ಸುತ್ತು ಹಾಕಿ ಹಿಡಿದುಬಿಡುವ ವ್ಯವಸ್ಥೆ ಮಾತ್ರ ನಮ್ಮಲ್ಲಿ ಚುರುಕಾಗಿದೆ.

ಅಲಂಕಾರದ ಪಾಠ ಇದಕ್ಕಿಂತ ಶಿಸ್ತಿನದು. ಸೀತೆಯ ಮುಖ ಕಮಲದಂತೆ ಅರಳಿತು. ತಲೆಮಾರುಗಳಿಂದ ಕನ್ನಡದ ನೋಟ್ ಬುಕ್ಕುಗಳಲ್ಲಿ ಆಕೆಯ ಮುಖ ಅರಳುತ್ತಲೇ ಇದೆ, ಪಾಪ, ಮುಚ್ಚಿಕೊಳ್ಳಲು ಬಿಟ್ಟಿಲ್ಲ. ಕೂಡಲೇ ಮಹಜರು. ಉಪಮೇಯ: ಸೀತೆಯ ಮುಖ. ಉಪಮಾನ: ಕಮಲ. ಉಪಮಾವಾಚಕ: ಅಂತೆ. ಸಮಾನಧರ್ಮ: ಅರಳುವುದು. ಸಮನ್ವಯ: ಉಪಮೇಯವನ್ನು ಉಪಮಾನಕ್ಕೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ. ಇಷ್ಟೆಲ್ಲ ಆದರೂ ಆಕೆಯ ಮುಖ ಯಾಕೆ ಅರಳಿತು, ಏನು ಕಂಡಿತು ಆಕೆಗೆ, ಕಮಲವೇ ಯಾಕೆ, ಸೂರ್ಯಕಾಂತಿ ಯಾಕಾಗಬಾರದು ಎಂದು ಒಬ್ಬರೂ ಕೇಳುವುದಿಲ್ಲ. ಅದಕ್ಕೆ ಅಂಕವಿಲ್ಲ.

ಮೇಷ್ಟರನ್ನು ಬೈದು ಪುಣ್ಯವೇನೂ ಇಲ್ಲ ಬಿಡಿ. ಬೆಳಿಗ್ಗೆ ಬಿಸಿಯೂಟದ ಮೊಟ್ಟೆ ಲೆಕ್ಕ, ಮಧ್ಯಾಹ್ನ ಸಮೀಕ್ಷೆಯ ಫಾರಂ, ನಡುನಡುವೆ ಮತದಾರರ ಪಟ್ಟಿ ಎಂದು ಮನೆಮನೆ ಅಲೆದು ಬಂದವರಿಗೆ ಕಮಲವಾದರೇನು, ಕಾಲಿಫ್ಲವರ್ ಆದರೇನು.

ತಮಾಷೆ ಇರುವುದು ಹಿಂದಿನ ಬೆಂಚಿನಲ್ಲಿ. ಅಲ್ಲಿ ಒಬ್ಬ ಕಾಗೆ ಹಾರಿಸುತ್ತಾನೆ, ಇನ್ನೊಬ್ಬ ಓಳು ಬಿಡುತ್ತಾನೆ, ಮೂರನೆಯವನು ಕ್ಲಾಸ್ ಲೀಡರಿಗೆ ಬಕೆಟ್ ಹಿಡಿಯುತ್ತಾನೆ, ನಾಲ್ಕನೆಯವನು ಇಬ್ಬರ ನಡುವೆ ಬತ್ತಿ ಇಟ್ಟು ಬಂದು ಕೂರುತ್ತಾನೆ. ಹೆಜ್ಜೆಗೊಂದು ನುಡಿಗಟ್ಟು, ಎಲ್ಲವೂ ಜಾಗ ನೋಡಿ ಬಿದ್ದವು, ಯಾರೂ ಕಲಿಸಿದ್ದಲ್ಲ. ಇದನ್ನು ಕೇಳಿದ ಕನ್ನಡ ಮೇಷ್ಟರು “ಏನೋ ಪೋಲಿ ಭಾಷೆ! ತಲೇಲಿರೋದು ಮಿದುಳಲ್ಲ ಕಣೋ, ಸಗಣಿ” ಎಂದು ಅಪ್ಪಟ ಅಪಹ್ನುತಿ ಅಲಂಕಾರದಲ್ಲಿ ಗದರಿ, ಬೋರ್ಡಿನತ್ತ ತಿರುಗಿ ‘ಅಲಂಕಾರ ಎಂದರೇನು?’ ಎಂದು ಬರೆಯುತ್ತಾರೆ. ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲೇ ಮೊದಲನೆಯದಾದ ‘ಕವಿರಾಜಮಾರ್ಗ’ ಅಲಂಕಾರದ ಮೇಲೆಯೇ ಬರೆದ ಗ್ರಂಥ, 9ನೇ ಶತಮಾನದ್ದು. ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ಹೊಗಳಿದ್ದು ಅದೇ. ಓದಿಸಿ ಅದನ್ನು ಬಿಡಿಸಲು ನಮಗೆ ಸಾವಿರ ವರ್ಷ ಹಿಡಿಯಿತು.

ಇನ್ನು ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಪ್ರಶ್ನೆ. ಮಕ್ಕಳು ಸ್ವಂತವಾಗಿ ಬರೆದರೆ ತಪ್ಪಾದೀತೆಂದು ಸ್ವಂತ ವಾಕ್ಯಗಳನ್ನು ಬೋರ್ಡಿನ ಮೇಲೇ ಬರೆದುಕೊಡುವ ಪದ್ಧತಿ ಇದೆ. “ಎಲ್ರೂ ಸ್ವಂತ ವಾಕ್ಯ ಬರ್ಕೊಂಡ್ರಾ? ನಾಳೆ ಬಾಯಿಪಾಠ ಒಪ್ಪಿಸ್ಬೇಕು.” ಎತ್ತಿದ ಕೈ: ರವಿಯು ಚಿತ್ರ ಬಿಡಿಸುವುದರಲ್ಲಿ ಎತ್ತಿದ ಕೈ. ಇಡೀ ತರಗತಿಗೆ ಒಬ್ಬನೇ ರವಿ, ಒಂದೇ ಚಿತ್ರ. “ಸಾಲ ತಗೊಂಡು ಮರೆಯೋದರಲ್ಲಿ ನಮ್ಮ ಮಾವ ಎತ್ತಿದ ಕೈ” ಎಂದು ಬರೆದವಳ ಪುಸ್ತಕದಲ್ಲಿ ‘ಮನೆಯ ವಿಷಯ ಬೇಡ’ ಎಂಬ ಷರಾ ಬಿದ್ದಿದೆ.

ಅದೇ ತರಗತಿಯ ಹುಡುಗನೊಬ್ಬ ವರಾಂಡದಲ್ಲಿ ಗೆಳೆಯನಿಗೆ “ಮಿಸ್ ಬೆಳಿಗ್ಗೆಯಿಂದ ತಲೆ ತಿಂತಿದಾರೆ ಮಗಾ” ಅಂದದ್ದು ಮಿಸ್ ಕಿವಿಗೇ ಬಿತ್ತು. ಡೈರಿಯಲ್ಲಿ ‘ಮಗುವಿನ ಭಾಷೆ ಸರಿಯಿಲ್ಲ, ಪೋಷಕರು ಬಂದು ಕಾಣುವುದು’. ಅಪ್ಪ ರಜೆ ಹಾಕಿ ಬಂದು ಕೈಮುಗಿದು ಹೋದ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ‘ತಲೆ ತಿನ್ನು’ ಎಂಬುದನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಬಂದಿತ್ತು. ಹುಡುಗ ಬುದ್ಧಿ ಕಲಿತಿದ್ದ. ‘ಸೋಮನು ಭೀಮನ ತಲೆಯನ್ನು ತಿಂದನು’ ಎಂದು ಬರೆದ. ಒಂದಕ್ಕೆ ಒಂದು ಅಂಕ, ಪಕ್ಕದಲ್ಲಿ ‘ಉತ್ತಮ’.