ಬೀಗರು ನೋಡಿದರೇನು?

ದಾವಣಗೆರೆಯಲ್ಲಿ ಅಂಗಡಿ ಇಟ್ಟವನಿಗೆ ಗಿರಾಕಿ ಬರುವುದು ಆಮೇಲಿನ ಮಾತು. ಮೊದಲು ಬೀಗರಿಗೆ ಗೊತ್ತಾಗಬೇಕು. ಆಮೇಲೆ ಎದುರಂಗಡಿಯವನಿಗೆ. ಆಮೇಲೆ, ಹಿಂದೆ ಯಾವಾಗಲೋ ಏನೋ ನೆವ ಹೇಳಿ ಹೆಣ್ಣು ಕೊಡದೆ ಹೋದ ರಾಣೆಬೆನ್ನೂರಿನವರಿಗೆ. ಇವರೆಲ್ಲರ ಹೊಟ್ಟೆಯಲ್ಲಿ ಸಣ್ಣಗೆ ಉರಿ ಎದ್ದ ಮೇಲೆ ಸೀರೆ ಕೊಳ್ಳುವವರು ಬಂದರೆ ಬರಲಿ, ಬಿಟ್ಟರೆ ಬಿಡಲಿ.

ಇದು ಗೊತ್ತಿಲ್ಲದೆ ನನ್ನ ಅಕ್ಕನ ಮಗ ದಂಧೆಗೆ ಇಳಿದ. ಕೊಂಡಜ್ಜಿಯಲ್ಲಿ ಹುಟ್ಟಿ, ಎಂಬಿಎ ಓದಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲವು ಕಾಲ ಇದ್ದು ವಾಪಸ್ ಬಂದವನು, ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದು 'ಕ್ರಿಯೇಟಿವ್ ಅಂಡ್ ಸೋಶಿಯಲ್ ಮೀಡಿಯಾ ಮಾರ್ಕೆಟಿಂಗ್' ಅಂತ ಬಾಗಿಲಿಗೆ ಹೆಸರು ಅಂಟಿಸಿದ. ಒಳಗೆ ಎರಡು ಕಂಪ್ಯೂಟರು, ಒಂದು ಟ್ರೈಪಾಡು, ಮುಖ ಬೆಳಗಿಸುವ ಒಂದು ದುಂಡನೆಯ ದೀಪ. ಡಿಸೈನ್ ಮಾಡಲು ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದ ಹುಡುಗಿ. 1964ರಿಂದ ನಡೆದುಬಂದ ಕಾಲೇಜು ಅದು. ಅಲ್ಲಿ ಐದು ವರ್ಷ ಬಣ್ಣ, ನೆರಳು, ರೇಖೆ ಅಂತ ಕಲಿತು ಬಂದವಳು ಈಗ ಪೈಪಿನ ಅಂಗಡಿಗೆ ಸಂಕ್ರಾಂತಿ ಶುಭಾಶಯದ ಪೋಸ್ಟು ಮಾಡುತ್ತಾಳೆ. ನಾನು ಅಲ್ಲಿ ಸಂಬಳವಿಲ್ಲದ ಪ್ರೂಫ್ ರೀಡರು. ರಿಟೈರಾದವನಿಗೆ ಫ್ಯಾನಿನ ಕೆಳಗೊಂದು ಕುರ್ಚಿ, ಹನ್ನೊಂದಕ್ಕೊಂದು ಚಹಾ ಸಿಕ್ಕರೆ ಅದೇ ಸಂಬಳ.

ಅಕ್ಕನ ಫಜೀತಿ ಬೇರೆ. 'ನಿಮ್ಮ ಹುಡುಗ ಏನು ಮಾರ್ತಾನೆ?' ಅಂತ ಕೊಂಡಜ್ಜಿಯ ಕಟ್ಟೆಯಲ್ಲಿ ಯಾರಾದರೂ ಕೇಳಿದರೆ ಅವಳು ಏನಂತ ಹೇಳಬೇಕು? ಗೊಬ್ಬರ ಮಾರಿದರೆ ಗೊಬ್ಬರ ಅನ್ನಬಹುದು, ಮಂಡಕ್ಕಿ ಭಟ್ಟಿ ಇಟ್ಟರೆ ಮಂಡಕ್ಕಿ ಅನ್ನಬಹುದು. 'ಫೋನಿನಾಗೆ ಅಂಗಡಿಯೋರ್ದು ತೋರಿಸ್ತಾನಂತೆ' ಅಂದಳಂತೆ ಒಮ್ಮೆ. ಕೇಳಿದವರು, 'ಅದನ್ನ ನಮ್ಮ ಹುಡುಗ್ರು ಪುಕ್ಕಟೆ ತೋರಿಸ್ತಾವಲ್ಲ?' ಅಂದರಂತೆ. ಅಂದಿನಿಂದ ಅಕ್ಕನದು ಒಂದೇ ಮಾತು: 'ಕಂಪ್ಯೂಟರ್ ಕೆಲಸ.' ಹೆಣ್ಣು ಹುಡುಕುವಾಗಲೂ ಅದೇ. ಕ್ರಿಯೇಟಿವ್ ಅಂದರೆ ಈ ಸೀಮೆಯಲ್ಲಿ ಹೆಣ್ಣು ಕೊಡುವುದಿಲ್ಲ.

ಹಾಗಂತ ಪ್ರಚಾರ ನಮ್ಮವರಿಗೆ ಹೊಸದೇನಲ್ಲ. ಹರಿಹರದ ಹರಿಹರೇಶ್ವರನ ಗುಡಿಯನ್ನೇ ನೋಡಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಕಟ್ಟಿಸಿದವನು ಸುಮ್ಮನೆ ಕೈಮುಗಿದು ಮನೆಗೆ ಹೋದನೇ? ಇಲ್ಲ, ಕಲ್ಲಿನ ಮೇಲೆ ಬರೆಸಿದ. ಎಂಟು ನೂರು ವರ್ಷವಾದರೂ ಆ ಪೋಸ್ಟನ್ನು ಯಾರೂ ಡಿಲೀಟ್ ಮಾಡಿಲ್ಲ. ನಮ್ಮ ಹುಡುಗನ ಪೋಸ್ಟಿಗೆ ಎರಡು ದಿನದ ಆಯಸ್ಸು, ಅದರಲ್ಲೂ ಒಂದು ದಿನ ಅಮಾವಾಸ್ಯೆ ಅಂತ ಪಾರ್ಟಿ ಹಾಕಿಸುವುದಿಲ್ಲ.

ಆಮೇಲೆ ನಾಟಕ ಕಂಪನಿಗಳ ಕಾಲ. ಚಿಂದೋಡಿ ವೀರಪ್ಪನವರು ಕಟ್ಟಿ, ಮಗಳು ಲೀಲಾ ಅವರು ನಡೆಸಿಕೊಂಡು ಬಂದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ದಾವಣಗೆರೆಯದು. ಕಂಪನಿ ನಾಟಕದ ಪ್ರಚಾರವೆಂದರೆ ಕೇಳಬೇಕೆ? ಜಟಕಾ ಗಾಡಿಗೆ ಎರಡೂ ಕಡೆ ಬೋರ್ಡು ಕಟ್ಟಿ, ಮೈಕು ಹಿಡಿದು, 'ಇಂದೇ ಕೊನೆಯ ಆಟ' ಅಂತ ಕೂಗುತ್ತ ಬಣ್ಣದ ಹ್ಯಾಂಡ್‌ಬಿಲ್ ತೂರಿಕೊಂಡು ಹೋಗುವುದು. ಹಿಂದೆ ಓಡುತ್ತಿದ್ದ ನಾವೆಲ್ಲ ಇವತ್ತಿನ ಮಾತಿನಲ್ಲಿ ಫಾಲೋವರ್ಸು. ಕೊನೆಯ ಆಟ ಮುಗಿದ ಮರುದಿನ 'ಪ್ರೇಕ್ಷಕರ ಒತ್ತಾಯದ ಮೇರೆಗೆ' ಮತ್ತೊಂದು ವಾರ. ಇದನ್ನೇ ಅಳಿಯ ಈಗ 'ಅರ್ಜೆನ್ಸಿ ಕ್ರಿಯೇಟ್ ಮಾಡೋದು ಮಾವ' ಅಂತ ನನಗೇ ಪಾಠ ಹೇಳುತ್ತಾನೆ.

ಇನ್ನು ಬೆಣ್ಣೆದೋಸೆ. 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನುವ ತಾಯಿ ಇಲ್ಲಿ ನಾಟಕದ ಥಿಯೇಟರಿನ ಹತ್ತಿರ ದೋಸೆ ಹುಯ್ಯಲು ಕೂತಳು, ಅಲ್ಲಿಂದ ಶುರುವಾಯಿತು ಅಂತ ಊರಲ್ಲಿ ಹೇಳುತ್ತಾರೆ. ಆಕೆ ಜಾಗ ಹಿಡಿದ ಚಾಣಾಕ್ಷತನ ನೋಡಿ: ನಾಟಕ ಬಿಡುವ ಹೊತ್ತು, ಹಸಿದ ಜನ, ಗಾಳಿಯಲ್ಲಿ ದೋಸೆ ಬೇಯುವ ವಾಸನೆ. ಟಾರ್ಗೆಟ್ ಆಡಿಯೆನ್ಸ್ ಅನ್ನುವುದನ್ನು ಆ ತಾಯಿಗೆ ಯಾರು ಹೇಳಿಕೊಟ್ಟಿದ್ದರು? ಇವತ್ತು ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ 'ದಾವಣಗೆರೆ ಬೆಣ್ಣೆದೋಸೆ' ಬೋರ್ಡು. ಅಷ್ಟೂ ಬೋರ್ಡು ನಮ್ಮೂರಿನ ಜಾಹೀರಾತು, ಖರ್ಚೆಲ್ಲ ಬೆಂಗಳೂರಿನವರದು. ಇಂಥ ಊರಿನಲ್ಲಿ ಕೂತು ನಮ್ಮ ಹುಡುಗ, ತಿಂಗಳಿಗೆ ಹನ್ನೆರಡು ಪೋಸ್ಟು, ನಾಲ್ಕು ರೀಲ್ಸು, ಇಷ್ಟಿಷ್ಟು ರೂಪಾಯಿ ಅಂತ ಪ್ಯಾಕೇಜು ಹೇಳಿದರೆ, ಪಾರ್ಟಿಯವರು ಇವನನ್ನು ಮೇಲಿಂದ ಕೆಳಗೆ ನೋಡಿ, 'ಕಾಗದದ ಖರ್ಚೂ ಇಲ್ಲ, ಮಸಿ ಖರ್ಚೂ ಇಲ್ಲ, ಯಾತರ ದುಡ್ಡಪಾ ಇದು?' ಅನ್ನುತ್ತಾರೆ.

ನಮ್ಮ ಜನರ ಮನಸ್ಸು ಇನ್ನೂ ಫ್ಲೆಕ್ಸಿನಲ್ಲೇ ಇದೆ. ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ಕಿನ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. ನಿಷೇಧವಾದ ವಸ್ತು ನಮ್ಮ ಸರ್ಕಲ್ಲುಗಳಲ್ಲಿ ಎಷ್ಟು ಆರೋಗ್ಯವಾಗಿದೆ ಅಂತ ನಿಮಗೂ ಗೊತ್ತು. ಅದರಲ್ಲಿರುವ ಸುಖ ಫೋನಿನಲ್ಲಿ ಎಲ್ಲಿ ಬರಬೇಕು? ಚದರ ಅಡಿಗೆ ಇಷ್ಟು ಅಂತ ಅಳೆದು ಕೊಳ್ಳಬಹುದು. ನಡುವೆ ದೊಡ್ಡವರ ಮುಖ, ಸುತ್ತ ಸಣ್ಣವರ ಮುಖ, ಕೆಳಗೆ 'ಶುಭ ಕೋರುವವರು' ಸಾಲಿನಲ್ಲಿ ಸ್ಟಾಂಪು ಅಳತೆಯ ಇಪ್ಪತ್ತು ಮುಖ. ಯಾರ ಮುಖ ಎಷ್ಟು ಇಂಚು ಅನ್ನುವುದರ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಇನ್‌ಸ್ಟಾಗ್ರಾಂನ ಅಂಗೈಯಗಲದ ಚೌಕದಲ್ಲೂ ಅದೇ ಇಪ್ಪತ್ತು ಮುಖ ಬೇಕು ಅಂತ ಹಟ ಹಿಡಿದವರನ್ನು ನಾನೇ ಕಂಡಿದ್ದೇನೆ. ಡಿಸೈನಿನ ಹುಡುಗಿ, 'ಸರ, ಕಾಣಲ್ಲ' ಅಂದಳು. 'ಕಾಣದಿದ್ರೂ ಅಡ್ಡಿಯಿಲ್ಲಮ್ಮ, ಇರ್ಬೇಕು' ಅಂದರು. ಇದ್ದಾರೋ ಇಲ್ಲವೋ ಅಂತ ಫೋನನ್ನು ಕಣ್ಣಿಗೆ ಒತ್ತಿ ಹುಡುಕುವವರು ಇರುತ್ತಾರೆ, ಬಲ್ಲವರ ಮಾತು ಅದು.

ರೀಲ್ಸಿನ ಶಾಸ್ತ್ರದ ಪ್ರಕಾರ ಮೊದಲ ಮೂರು ಸೆಕೆಂಡಿನಲ್ಲಿ ನೋಡುವವನ ಹೆಬ್ಬೆರಳು ನಿಲ್ಲಬೇಕಂತೆ. ನಮ್ಮ ಪಾರ್ಟಿಯವರ ಶಾಸ್ತ್ರವೇ ಬೇರೆ. ಮೊದಲು ಊರದೇವತೆ ದುಗ್ಗಮ್ಮನ ಫೋಟೊ, ಆಮೇಲೆ ಮನೆದೇವರು, ಆಮೇಲೆ ಮಠದ ಗುರುಗಳು, ಆಮೇಲೆ ಹಾರ ಹಾಕಿದ ತಂದೆಯವರು. ಅಷ್ಟು ಹೊತ್ತಿಗೆ ನೋಡುವವನು ಯಾವುದೋ ನಾಯಿಮರಿಯ ವಿಡಿಯೊಗೆ ಹೋಗಿರುತ್ತಾನೆ. ಇದನ್ನು ಹೇಳಿದರೆ, 'ದೇವ್ರನ್ನ ದಾಟಿ ಹೋಗೋನು ನಮಗೆ ಗಿರಾಕಿನೇ ಬ್ಯಾಡ' ಅಂದುಬಿಟ್ಟರು ಒಬ್ಬ ಸಾವ್ಕಾರರು. ಕೊನೆಗೆ ರಾಜಿಯಾಯಿತು: ಮೇಲೊಂದು ಪಟ್ಟಿ ಕಟ್ಟಿ, ಲಗ್ನಪತ್ರಿಕೆಯ ಥರ, ನಾಲ್ವರನ್ನೂ ಅಲ್ಲೇ ಸಾಲಾಗಿ ಕೂರಿಸಿದರು.

ಹಾಡಿನದು ಇನ್ನೊಂದು ರಗಳೆ. ಬೋರ್‌ವೆಲ್ ಪೈಪಿನ ಅಂಗಡಿಯವರಿಗೆ ಪುನೀತ್ ರಾಜ್‌ಕುಮಾರ್ ಹಾಡೇ ಬೇಕು. ಮನೆಯ ಮಕ್ಕಳು ಹಾಕುವ ರೀಲ್ಸಿಗೆ ಯಾವ ಸಿನಿಮಾ ಹಾಡಾದರೂ ಸಿಗುತ್ತದೆ. ಅಂಗಡಿಯ ಬಿಸಿನೆಸ್ ಖಾತೆಗೆ ಹೆಚ್ಚಿನವು ಸಿಗುವುದಿಲ್ಲ, ಹಕ್ಕಿನ ತಕರಾರು. 'ನಮ್ಮ ಮೊಮ್ಮಗಳಿಗೆ ಬರೋ ಹಾಡು ನಿಮಗ್ಯಾಕೆ ಬರಲ್ಲ? ಎಂಬಿಎ ಮಾಡೀರಿ ಅಂತೀರಿ' ಅಂತ ಅವರು ಕೇಳಿದ್ದಕ್ಕೆ ಅಳಿಯನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ನನ್ನ ಪ್ರೂಫ್ ವಿಭಾಗದ ಸಂಗತಿಯೊಂದು ಹೇಳಲೇಬೇಕು. ಅಂಗಡಿಯವರು ಮ್ಯಾಟರನ್ನು ಗೊತ್ತಿರುವ ಡಿಟಿಪಿ ಸೆಂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪು ಮಾಡಿಸಿ ಕಳಿಸುತ್ತಾರೆ. ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದವು. ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಜಾಗ. ಹಾಗಾಗಿ ಇಲ್ಲಿಂದ ಎತ್ತಿ ಅಲ್ಲಿ ಹಾಕಿದರೆ ಕನ್ನಡ ಮಾಯವಾಗಿ, ತಲೆಗೆ ಕೊಂಬು, ಹೊಟ್ಟೆಗೆ ಗೀಟು ಇರುವ ಇಂಗ್ಲಿಷ್ ಅಕ್ಷರಗಳ ಸಂತೆ. ಅಂಥದ್ದೊಂದು ಪರದೆಯ ಮೇಲಿದ್ದಾಗಲೇ ಪಾರ್ಟಿಯವರು ಬಂದರು. ಅಳಿಯ ಗಡಬಡಿಸಿ ಮುಚ್ಚಲು ಹೋದ. ಅವರು ತಡೆದು, ಬಗ್ಗಿ ನೋಡಿ, 'ಇದನ್ನೇ ಇಡ್ರಿ. ಫಾರಿನ್ ಕಂಪನಿದು ಇದ್ದಂಗೆ ಐತಿ' ಅಂದರು. ತಿದ್ದಿ ಕನ್ನಡ ಮಾಡಿ ಕೊಟ್ಟಾಗ ಅವರ ಮುಖ ಸ್ವಲ್ಪ ಬಾಡಿತು ಅಂತ ನನ್ನ ಗುಮಾನಿ.

ದುಡ್ಡಿನ ಮಾತು ಕೇಳಬೇಡಿ. ನಮ್ಮದು ಉದ್ರಿಯ ಊರು. ಮೆಕ್ಕೆಜೋಳ ಮಾರಲಿ, ಅಡಿಕೆ ರೇಟು ಏರಲಿ, ದೀಪಾವಳಿಗೆ ಖಾತೆಪುಸ್ತಕದ ಪೂಜೆಯಾಗಲಿ, ಆಗ ನೋಡೋಣ ಅನ್ನುವ ಊರು. ಆದರೆ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮುಗಳ ಧಣಿ ಮೆಟಾ ಕಂಪನಿಗೆ ಮೆಕ್ಕೆಜೋಳದ ಸುದ್ದಿ ಬೇಡ. ಮೊದಲು ಹಣ ತುಂಬಬೇಕು. ತುಂಬಿದ ಐದು ಸಾವಿರದಲ್ಲಿ ಶೇ 18ರ ಜಿಎಸ್‌ಟಿ ಹಿಡಿದುಕೊಂಡು, ಜಾಹೀರಾತಿಗೆ ಉಳಿಯುವುದು 4,237 ರೂಪಾಯಿ. ಪಾರ್ಟಿಯವರು, 'ಬಿಲ್ಲು ಬ್ಯಾಡ ಬಿಡಪಾ, ಜಿಎಸ್‌ಟಿ ಯಾಕೆ?' ಅನ್ನುತ್ತಾರೆ. ಅದನ್ನು ಅಮೆರಿಕದವನಿಗೆ ಯಾರು ಹೇಳುವುದು? ನಡುವೆ ಸಿಕ್ಕಿ ಅರೆದುಹೋಗುವವನು ನಮ್ಮ ಹುಡುಗ. ಅಲ್ಲಿ ಮುಂಗಡ, ಇಲ್ಲಿ ಮುಂದಿನ ದೀಪಾವಳಿ.

ಒಂದು ದಿನ ಸೀರೆ ಅಂಗಡಿಯ ಸಾವ್ಕಾರರೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. 'ತಿಂಗಳಾತು, ನಿಮ್ಮ ಜಾಹೀರಾತು ನಮ್ಮ ಬೀಗರಿಗೆ ಕಂಡೇ ಇಲ್ಲಂತೆ. ನಮಗೂ ಕಂಡಿಲ್ಲ.' ಅಳಿಯ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ: ಹೊನ್ನಾಳಿ, ಹರಪನಹಳ್ಳಿ, ಜಗಳೂರು, ಮದುವೆ ವಯಸ್ಸಿನ ಹೆಣ್ಣುಮಕ್ಕಳು, ಅವರ ತಾಯಂದಿರು, ಸಾವಿರಾರು ಜನ ನೋಡಿದ್ದಾರೆ, ಕೆಲವರು ಅಂಗಡಿಗೆ ಫೋನೂ ಮಾಡಿದ್ದಾರೆ. ಸಾವ್ಕಾರರು ಗ್ರಾಫನ್ನು ಔಷಧಿ ಚೀಟಿ ನೋಡಿದಂತೆ ನೋಡಿ, 'ಅದಿರ್ಲಿ. ಬೀಗರಿಗೆ ಯಾಕೆ ಕಂಡಿಲ್ಲ?' ಅಂದರು.

ಅವತ್ತು ಸಂಜೆ ಹುಡುಗ ಸುಮ್ಮನೆ ಕೂತಿದ್ದ. ಬೀಗರ ಮನೆ ಎಲ್ಲಿ ಅಂತ ಕೇಳಿದೆ. ನಿಜಲಿಂಗಪ್ಪ ಬಡಾವಣೆ ಅಂದ. ನಕ್ಷೆಯ ಮೇಲೆ ಪಿನ್ನು ಚುಚ್ಚಿ, ಅದರ ಸುತ್ತ ಇಷ್ಟು ಕಿಲೋಮೀಟರಿನವರಿಗೆ ಮಾತ್ರ ತೋರಿಸು ಅನ್ನುವ ಸವಲತ್ತು ಆ ಜಾಹೀರಾತಿನ ಯಂತ್ರದಲ್ಲಿದೆ ಅಂತ ಅವನೇ ನನಗೆ ಹೇಳಿದ್ದ. 'ಮತ್ತೆ ಚುಚ್ಚಲಾ' ಅಂದೆ. ಒಂದು ಪಿನ್ನು ಬೀಗರ ಮನೆಗೆ, ಒಂದು ಸಾವ್ಕಾರರ ಮನೆಗೆ. ವಯಸ್ಸು ಐವತ್ತರ ಮೇಲೆ, ಗಂಡಸರು. ಆ ಗಂಡಸರ ಪೈಕಿ ಒಬ್ಬನೂ ಸೀರೆ ಉಡುವವನಲ್ಲ. ದಿನಕ್ಕೆ ನೂರು ರೂಪಾಯಿಯಂತೆ ಬಿಟ್ಟೆವು. ಮೂರನೇ ದಿನಕ್ಕೆ ಸಾವ್ಕಾರರು ಒಂದು ಕೆ.ಜಿ. ಪೇಡ ಹಿಡಿದುಕೊಂಡು ಬಂದು, 'ಎಲ್ಲಿ ನೋಡಿದ್ರೂ ನಮ್ದೇ ಐತಲ್ರಿ!' ಅಂದರು. ಹಳೇ ಬಾಕಿಯೂ ಅವತ್ತೇ ಚುಕ್ತಾ. ಇದು ನ್ಯಾಯವೋ ಅಂತ ಅಳಿಯ ಕೇಳಿದ. ನೂರು ರೂಪಾಯಿಗೆ ಒಂದು ಸಂಸಾರದ ಮರ್ಯಾದೆ ಉಳಿಯುವುದಾದರೆ ಅಗ್ಗವೇ ಅಂದೆ ನಾನು. ಹೊನ್ನಾಳಿಯ ಹೆಣ್ಣುಮಕ್ಕಳ ಜಾಹೀರಾತನ್ನೂ ಅವನು ನಿಲ್ಲಿಸಲಿಲ್ಲ, ಅದು ಅವನ ಎಂಬಿಎ. ಪಿನ್ನಿನದು ಮಾತ್ರ ನನ್ನದು.

ಖುಷಿಯಲ್ಲಿ ಸಾವ್ಕಾರರು ದೊಡ್ಡದೊಂದು ರೀಲ್ಸಿಗೆ ಒಪ್ಪಿದರು. ಜಾಗ ಕೊಂಡಜ್ಜಿ ಕೆರೆ. ಹಿಂದೆ ಗುಡ್ಡ, ಮುಂದೆ ನೀರು, ಬಾಡಿಗೆ ಇಲ್ಲ, ಮಧ್ಯಾಹ್ನ ಅಕ್ಕನ ಮನೆಯಲ್ಲಿ ರೊಟ್ಟಿ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಂತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸು ಬಂದದ್ದೇ ತಡ, ಕುಣಿಯುವವರೆಲ್ಲ ಈ ಏರಿಯಿಂದ ಆ ಏರಿಗೆ ಹಾರಿದರು. ಈಗ ಮದುವೆಗೆ ಮುಂಚಿನ ಫೋಟೊದವರು ಬೇರೆ. ಭಾನುವಾರ ಹೋದರೆ ಕೆರೆಯ ಏರಿಯ ಮೇಲೆ ಒಬ್ಬರ ವಿಡಿಯೊದಲ್ಲಿ ಇನ್ನೊಬ್ಬರ ಮದುವಣಗಿತ್ತಿ ಬರುತ್ತಾಳೆ.

ನಾವು ವಾರದ ದಿನವೇ ಹೋದೆವು. ಆದರೆ ಸ್ಕೌಟ್ಸ್ ಮುಂದಾಳು ಕೊಂಡಜ್ಜಿ ಬಸಪ್ಪನವರ ಊರು ಅದು, ಅಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನವರ ತರಬೇತಿ ಕೇಂದ್ರವಿದೆ ಅನ್ನುವುದು ಸಾವ್ಕಾರರಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಮಾಡೆಲ್ ಹುಡುಗಿ ಇಳಕಲ್ ಸೀರೆಯ ಸೆರಗು ಹಾರಿಸಿ ತಿರುಗಬೇಕು, ಅಷ್ಟರಲ್ಲಿ ಶಿಬಿರದ ಕಡೆಯಿಂದ ಸೀಟಿ. ಮತ್ತೆ ತಿರುಗಬೇಕು, ಮತ್ತೆ ಸೀಟಿ, ಜೊತೆಗೆ ಐವತ್ತು ಮಕ್ಕಳ ಚಪ್ಪಾಳೆ. ಗಾಳಿಗೆ ಸೆರಗು ಹೋಗಿ ಟ್ರೈಪಾಡಿಗೆ ಸುತ್ತಿಕೊಂಡಿತು. ಇದೆಲ್ಲ ಮುಗಿದು ಬಿಸಿಲು ಇಳಿಯುವ ಹೊತ್ತಿಗೆ ಸಾವ್ಕಾರರು ಕಾರಿನಿಂದ ಇಳಿದರು. ಹೊಸ ಸಫಾರಿ, ಕೂಲಿಂಗ್ ಗ್ಲಾಸು. 'ನಂದೊಂದು ಸೀನು ಇರ್ಲಿ' ಅಂದರು. ಒಂದೇ ಸೀನು ಆಗಲಿಲ್ಲ. ಕೆರೆಯ ಏರಿಯ ಮೇಲೆ ನಿಧಾನಕ್ಕೆ ನಡೆದು ಬಂದು, ಕನ್ನಡಕ ತೆಗೆದು, ಕ್ಯಾಮೆರಾವನ್ನೇ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: 'ನಮ್ಮಲ್ಲಿ ಬೇರೆ ಶಾಖೆಗಳಿಲ್ಲ.' ಅಷ್ಟೇ ಡೈಲಾಗು. ಅಂಗಡಿಯ ಹೆಸರು ಹೇಳುವುದು ಮರೆತೇ ಹೋಯಿತು.

ರೀಲ್ಸು ಓಡಿತು. ಸೀರೆಯದಲ್ಲ, ಸಾವ್ಕಾರರದು. ಹರಿಹರದ ಕಾಲೇಜು ಹುಡುಗರು ಆ ಡೈಲಾಗಿಗೆ ತಾವೇ ಕನ್ನಡಕ ತೆಗೆದು ರೀಲ್ಸು ಮಾಡಿದರು. ಬೀಗರ ಕಡೆಯಿಂದಲೂ ಫೋನು ಬಂತಂತೆ, ಸ್ವಲ್ಪ ಸಣ್ಣ ದನಿಯಲ್ಲಿ. ಸಾವ್ಕಾರರು ಮತ್ತೆ ಮೆಟ್ಟಿಲು ಹತ್ತಿ ಬಂದು, ಕುರ್ಚಿ ಎಳೆದುಕೊಂಡು ಅಳಿಯನ ಹೆಗಲ ಮೇಲೆ ಕೈ ಇಟ್ಟರು.

'ಭಾಳ ಚಲೋ ಆಗೈತಿ ನೋಡ್ರಿ. ಈಗ ಇದನ್ನೇ ಒಂದು ಹತ್ತು ಬೈ ಎಂಟು ಫ್ಲೆಕ್ಸ್ ಹೊಡೆಸಿ, ಗುಂಡಿ ಸರ್ಕಲ್‌ನಾಗೆ ಕಟ್ಟಿಸಿಬಿಡ್ರಿ.'

'ಸರ, ಇದು ವಿಡಿಯೊ...' ಅಂದ ಅಳಿಯ. ಅವರ ಮುಖ ನೋಡಿ, ಉಗುಳು ನುಂಗಿ, ಕಂಪ್ಯೂಟರಿನ ಕಡೆ ತಿರುಗಿ ಕೇಳಿದ: 'ಯಾವ ಸೆಕೆಂಡಿಂದು ಹಾಕ್ಲಿ ಸರ?'

'ಕನ್ನಡಕ ತೆಗಿತೀನಲ್ಲ, ಅದು. ಪೂರ್ತಿ ತೆಗೆದಿರಬಾರ್ದು, ಅರ್ಧ.'